ಒಂದು ಸಾವಿಗೆ ಎಷ್ಟು ಚೌಕ

ಎಂಬತ್ತರ ದಶಕದಲ್ಲಿ ಮಡಿಕೇರಿಯ ಮಳೆಗಾಲವೆಂದರೆ ನಮಗೆ ಶಾಲೆಗೆ ಹೋಗುವುದು, ಒದ್ದೆಯಾಗಿ ಮನೆಗೆ ಬರುವುದು, ಒಲೆಯ ಪಕ್ಕದಲ್ಲಿ ಬಟ್ಟೆ ಹರವಿ ಕೂರುವುದು, ಇಷ್ಟೇ ಆಗಿತ್ತು. ಅಂಥ ಸಂಜೆಗಳಲ್ಲಿ ನಾನು ಓದಿದ್ದರಲ್ಲಿ ಮುಕ್ಕಾಲು ಪಾಲು ಕಮಾಂಡೊ ಕಾಮಿಕ್ಸ್. ಬಸ್ ನಿಲ್ದಾಣದ ಹತ್ತಿರವಿದ್ದ ಒಂದು ಬಾಡಿಗೆ ಪುಸ್ತಕದಂಗಡಿಯಲ್ಲಿ ದಿನಕ್ಕೆ ನಾಲ್ಕಾಣೆ ಕೊಟ್ಟರೆ ಒಂದು ಪುಸ್ತಕ ಸಿಗುತ್ತಿತ್ತು; ಒಂದನ್ನು ಸಂಜೆ ಓದಿ ಮುಗಿಸಿ, ಗೆಳೆಯ ತಂದಿದ್ದ ಇನ್ನೊಂದರ ಜೊತೆ ರಾತ್ರಿಗೆ ಬದಲಾಯಿಸಿಕೊಂಡರೆ ಅದೇ ನಾಲ್ಕಾಣೆಗೆ ಎರಡು ಯುದ್ಧ ಗೆದ್ದಂತಾಗುತ್ತಿತ್ತು. ಅಂಗೈಗಿಂತ ತುಸು ದೊಡ್ಡದಾದ, ಅರವತ್ತಕ್ಕೂ ಹೆಚ್ಚು ಪುಟಗಳ, ಹೊರಗೆ ಬಣ್ಣದ ರಕ್ಷಾಪುಟ ಮತ್ತು ಒಳಗೆ ಬರೀ ಕಪ್ಪುಬಿಳುಪು ಚಿತ್ರಗಳಿದ್ದ ಆ ಪುಸ್ತಕಗಳು ಸ್ಕಾಟ್ಲೆಂಡಿನ ಡಂಡೀ ನಗರದ ಡಿ.ಸಿ. ಥಾಮ್ಸನ್ ಸಂಸ್ಥೆಯವು, 1961ರಿಂದ ಇಂದಿನವರೆಗೂ ಬರುತ್ತಿರುವವು ಎಂಬುದೆಲ್ಲ ನನಗೆ ತಿಳಿದದ್ದು ಬಹಳ ತಡವಾಗಿ. ಆಗ ತಿಳಿದಿದ್ದು ಜರ್ಮನ್ನರು 'ಆಖ್ತುಂಗ್' ಎನ್ನುತ್ತಾರೆ, 'ಗಾಟ್ ಇನ್ ಹಿಮೆಲ್' ಎಂದು ಸಾಯುತ್ತಾರೆ, ಜಪಾನಿಗಳು 'ಬಾನ್ಜಾಯ್' ಎಂದು ಕೂಗುತ್ತ ಓಡಿಬರುತ್ತಾರೆ ಎಂಬುದು ಮಾತ್ರ.

ನಮ್ಮ ಪಕ್ಕದ ಮನೆಯಲ್ಲಿ ನಿವೃತ್ತ ಸುಬೇದಾರರೊಬ್ಬರು ಇದ್ದರು. ಕೊಡಗಿನಲ್ಲಿ ಎರಡು ಮನೆಗೊಬ್ಬರು ಹೀಗೆ ಇರುವುದರಿಂದ ಇದರಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಒಮ್ಮೆ ನನ್ನ ಕೈಯಲ್ಲಿದ್ದ ಕಮಾಂಡೊ ಪುಸ್ತಕವನ್ನು ಇಸಿದುಕೊಂಡು, ಕನ್ನಡಕ ಏರಿಸಿ, ಮೊದಲಿನಿಂದ ಕೊನೆಯವರೆಗೆ ಒಂದೊಂದೇ ಹಾಳೆ ತಿರುವಿ ನೋಡಿದರು. ಬಂದೂಕಿನ ಚಿತ್ರ ಸರಿಯಾಗಿದೆಯೆಂದೋ ತಪ್ಪಾಗಿದೆಯೆಂದೋ ಹೇಳುತ್ತಾರೆಂದು ನಾನು ಕಾದಿದ್ದೆ. ಅವರು ಪುಸ್ತಕವನ್ನು ಮಡಚಿ ವಾಪಸು ಕೊಟ್ಟು, "ಇವರೆಲ್ಲ ಊಟ ಯಾವಾಗ ಮಾಡುತ್ತಾರೆ?" ಎಂದು ಕೇಳಿದರು. ನಾನು ನಕ್ಕೆ. ಅವರು ನಗಲಿಲ್ಲ.

ಆ ಪ್ರಶ್ನೆ ನನಗೆ ಉಪಯೋಗಕ್ಕೆ ಬಂದದ್ದು ಇಪ್ಪತ್ತೈದು ವರ್ಷಗಳ ನಂತರ, ಹಳೆಯ ಅಮೆರಿಕನ್ ಯುದ್ಧ ಕಾಮಿಕ್ಸ್‌ಗಳನ್ನು ಹುಡುಕಿ ಹುಡುಕಿ ಓದತೊಡಗಿದಾಗ. ಯುದ್ಧದ ಚಿತ್ರಕಥೆಗಳನ್ನು ಸಾಮಾನ್ಯವಾಗಿ ಎರಡು ಪಾಲು ಮಾಡುತ್ತಾರೆ: ಯುದ್ಧವನ್ನು ಹೊಗಳುವವು, ಯುದ್ಧವನ್ನು ತೆಗಳುವವು. ಈ ವಿಂಗಡಣೆಯಿಂದ ನನಗೆ ಏನೂ ಉಪಯೋಗವಾಗಲಿಲ್ಲ, ಏಕೆಂದರೆ ಮುಕ್ಕಾಲು ಪಾಲು ಕಥೆಗಳು ಎರಡನ್ನೂ ಒಟ್ಟಿಗೇ ಮಾಡುತ್ತವೆ. ಬದಲಿಗೆ ನಾನು ಎಣಿಸತೊಡಗಿದ್ದು ಚೌಕಗಳನ್ನು, ಅಂದರೆ ಪುಟದಲ್ಲಿ ಗೆರೆ ಹಾಕಿ ಬೇರ್ಪಡಿಸಿದ ಒಂದೊಂದು ಚಿತ್ರವನ್ನು. ಒಬ್ಬ ಮನುಷ್ಯ ಸಾಯುವುದಕ್ಕೆ ಚಿತ್ರಕಾರ ಎಷ್ಟು ಚೌಕಗಳನ್ನು ವ್ಯಯಿಸುತ್ತಾನೆ? ನನ್ನ ಬಾಲ್ಯದ ಕಮಾಂಡೊದಲ್ಲಿ ಈ ಲೆಕ್ಕ ಬಹಳ ಸುಲಭ. ಪುಟಕ್ಕೆ ಎರಡು ಅಥವಾ ಮೂರು ಚೌಕ. ಸ್ಟೆನ್ ಗನ್ನಿನ ಒಂದು ಸುತ್ತಿಗೆ ಮೂವರು ಜರ್ಮನ್ನರು ಒಂದೇ ಚೌಕದಲ್ಲಿ ಕೈ ಮೇಲೆತ್ತಿ ಹಿಂದಕ್ಕೆ ಬೀಳುತ್ತಾರೆ. ಮುಂದಿನ ಚೌಕದಲ್ಲಿ ಅವರಿರುವುದಿಲ್ಲ, ನೆಲದ ಮೇಲೂ ಇರುವುದಿಲ್ಲ. ಅಂದರೆ ತಲೆಗೆ ಮೂರನೇ ಒಂದು ಚೌಕ.

ಇದರ ಇನ್ನೊಂದು ತುದಿಯಲ್ಲಿರುವುದು ಹಾರ್ವಿ ಕರ್ಟ್ಸ್‌ಮನ್. ಕಾಮಿಕ್ಸ್ ಓದುವವರಿಗೆ ಅವರು ಮ್ಯಾಡ್ ಪತ್ರಿಕೆಯನ್ನು ಹುಟ್ಟುಹಾಕಿದವರೆಂದು ಗೊತ್ತು, ಆದರೆ ಅದಕ್ಕೂ ಮೊದಲು ಅವರು ನ್ಯೂಯಾರ್ಕಿನ ಇ.ಸಿ. ಕಾಮಿಕ್ಸ್ ಸಂಸ್ಥೆಗಾಗಿ ಎರಡು ಯುದ್ಧ ಪತ್ರಿಕೆಗಳನ್ನು ಸಂಪಾದಿಸುತ್ತಿದ್ದರು. ಟೂ-ಫಿಸ್ಟೆಡ್ ಟೇಲ್ಸ್ 1950ರ ಕೊನೆಯಲ್ಲಿ ಸಾಹಸ ಕಥೆಗಳ ಪತ್ರಿಕೆಯಾಗಿ ಶುರುವಾಯಿತು. ಆದರೆ ಅದೇ ವರ್ಷದ ಜೂನ್ 25ರಂದು ಕೊರಿಯಾ ಯುದ್ಧ ಆರಂಭವಾಗಿತ್ತು. ಕೆಲವೇ ಸಂಚಿಕೆಗಳಲ್ಲಿ ಕಡಲುಗಳ್ಳರೂ ಕಾಡಿನ ಬೇಟೆಗಾರರೂ ಹಿಂದೆ ಸರಿದು ಆ ಪುಟಗಳನ್ನೆಲ್ಲ ಕೊರಿಯಾ ಆಕ್ರಮಿಸಿಕೊಂಡಿತು. 1951ರಲ್ಲಿ ಅದಕ್ಕೆ ಜೊತೆಯಾಗಿ ಫ್ರಂಟ್‌ಲೈನ್ ಕಾಂಬ್ಯಾಟ್ ಬಂತು. ಬೆಲೆ ಹತ್ತು ಸೆಂಟು, ಕಾಗದ ಪತ್ರಿಕಾ ಕಾಗದ, ಓದುಗರು ಹೆಚ್ಚಾಗಿ ಹುಡುಗರು, ಮತ್ತು ಅಷ್ಟೇ ಉತ್ಸಾಹದಿಂದ ಓದುತ್ತಿದ್ದ ಸೈನಿಕರು. ಆಗ ಅಮೆರಿಕದ ಅಂಗಡಿಗಳಲ್ಲಿ ಯುದ್ಧ ಕಾಮಿಕ್ಸ್‌ಗಳ ಸುಗ್ಗಿ. ನಗುನಗುತ್ತ ಶತ್ರುಗಳನ್ನು ಕೊಲ್ಲುವ ವೀರರು ಪ್ರತಿಯೊಂದು ಕಂಪನಿಯಲ್ಲೂ ಇದ್ದರು. ಕರ್ಟ್ಸ್‌ಮನ್‌ಗೆ ಇದು ಸುಳ್ಳೆನಿಸಿತು. ಎರಡನೆಯ ಮಹಾಯುದ್ಧದಲ್ಲಿ ಅವರು ಸೈನ್ಯದಲ್ಲಿದ್ದರೂ ಸೇವೆ ಸಲ್ಲಿಸಿದ್ದೆಲ್ಲ ಸ್ವದೇಶದಲ್ಲೇ, ರಣರಂಗವನ್ನು ಅವರು ಕಂಡವರಲ್ಲ. ಬಹುಶಃ ಅದಕ್ಕಾಗಿಯೇ ಅಷ್ಟು ಜೋಪಾನವಾಗಿ ಕೇಳಿ ತಿಳಿದುಕೊಂಡರೇನೋ; ಕಂಡಿದ್ದೇನೆ ಎಂದುಕೊಂಡವನಿಗೆ ಕೇಳುವ ತಾಳ್ಮೆ ಕಡಿಮೆ.

ಅವರ ಪರಿಶ್ರಮದ ಕಥೆಗಳು ಈಗ ದಂತಕಥೆಗಳಂತಾಗಿವೆ. ಒಂದು ಜಲಾಂತರ್ಗಾಮಿಯ ಕಥೆಗಾಗಿ ಸಹಾಯಕ ಜೆರ್ರಿ ಡಿಫುಸಿಯೊ ಅವರನ್ನು ನಿಜವಾದ ಜಲಾಂತರ್ಗಾಮಿಯಲ್ಲೇ ನೀರಿನಡಿಗೆ ಕಳುಹಿಸಿದ್ದರು. ಅದು ಮುಳುಗುವಾಗ ಯಾವ ಸದ್ದು ಬರುತ್ತದೆಂದು ತಿಳಿದುಬರಬೇಕಾಗಿತ್ತು. ಹತ್ತು ಸೆಂಟಿನ ಪುಸ್ತಕದಲ್ಲಿ ಒಂದು ಸದ್ದನ್ನು ಸರಿಯಾಗಿ ಬರೆಯುವುದಕ್ಕೆ ಇಷ್ಟು! ಜ್ಯಾಕ್ ಡೇವಿಸ್, ವಾಲಿ ವುಡ್, ಜಾನ್ ಸೆವೆರಿನ್, ವಿಲ್ ಎಲ್ಡರ್ ಮೊದಲಾದ ಚಿತ್ರಕಾರರಿಗೆ ಅವರು ಕಥೆಯನ್ನು ಬರೆದು ಕೊಟ್ಟು ಸುಮ್ಮನಾಗುತ್ತಿರಲಿಲ್ಲ. ಪ್ರತಿಯೊಂದು ಚೌಕದಲ್ಲೂ ಯಾರು ಎಲ್ಲಿ ನಿಂತಿರಬೇಕು, ನೋಟ ಎಲ್ಲಿಂದ ಬೀಳಬೇಕು ಎಂಬುದನ್ನು ತೆಳುಹಾಳೆಯ ಮೇಲೆ ತಾವೇ ಬರೆದುಕೊಟ್ಟು, ಅಭಿನಯಿಸಿ ತೋರಿಸಿ, ಅದರಿಂದ ಒಂದಿಷ್ಟೂ ಆಚೀಚೆ ಸರಿಯಬಾರದೆಂದು ಪಟ್ಟು ಹಿಡಿಯುತ್ತಿದ್ದರು. ಚಿತ್ರಕಾರರಿಗೆ ಇದು ಕಿರಿಕಿರಿಯಾಗದೆ ಇರಲು ಸಾಧ್ಯವಿಲ್ಲ. ಆದರೆ ಫಲ ನಮ್ಮ ಮುಂದಿದೆ: ಬೇರೆ ಬೇರೆ ಕೈಗಳ ಗೆರೆಗಳಿದ್ದರೂ ಆ ಎರಡು ಪತ್ರಿಕೆಗಳ ಉಸಿರಾಟ ಒಂದೇ.

ಅವರು ಪೂರ್ತಿಯಾಗಿ ತಾವೇ ಬರೆದು ಚಿತ್ರಿಸಿದ ಕೆಲವು ಕಥೆಗಳಲ್ಲಿ 'ಕಾರ್ಪ್ಸ್ ಆನ್ ದ ಇಮ್ಜಿನ್' ಎಂಬುದು ಒಂದು. ಟೂ-ಫಿಸ್ಟೆಡ್ ಟೇಲ್ಸ್‌ನ 25ನೆಯ ಸಂಚಿಕೆಯಲ್ಲಿ, 1952ರ ಆರಂಭದಲ್ಲಿ ಬಂದ ಆರು ಪುಟಗಳ ಕಥೆ. ನಾನಿದನ್ನು ಓದಿದ್ದು ಅರವತ್ತು ವರ್ಷಗಳ ನಂತರ, 2012ರಲ್ಲಿ ಫಾಂಟಾಗ್ರಾಫಿಕ್ಸ್ ಸಂಸ್ಥೆ ತಂದ ಕಪ್ಪುಬಿಳುಪು ಸಂಪುಟವನ್ನು ಬಂಧುವೊಬ್ಬರು ಅಮೆರಿಕದಿಂದ ತಂದುಕೊಟ್ಟಾಗ. ಕೊರಿಯಾದ ಇಮ್ಜಿನ್ ನದಿಯಲ್ಲಿ ಒಂದು ಹೆಣ ತೇಲಿಹೋಗುತ್ತಿದೆ. ದಂಡೆಯಲ್ಲಿ ಒಬ್ಬ ಅಮೆರಿಕನ್ ಸೈನಿಕ ಕುಳಿತು ಅದನ್ನು ನೋಡುತ್ತಿದ್ದಾನೆ. ಅವನು ಅಲ್ಲಿ ಏನು ಮಾಡುತ್ತಿದ್ದಾನೆಂದರೆ, ಊಟ. ಸುಬೇದಾರರ ನೆನಪು ನನಗೆ ಬಂದದ್ದು ಆ ಚೌಕದ ಮುಂದೆಯೇ. ಊಟ ಮಾಡುತ್ತ ಆತ ಯೋಚಿಸುತ್ತಾನೆ: ಇವನು ಹೇಗೆ ಸತ್ತಿರಬಹುದು? ಫಿರಂಗಿಯಿಂದಲೋ, ವಿಮಾನದಿಂದಲೋ, ಗುಂಡಿನಿಂದಲೋ? ಈಗಿನ ಯುದ್ಧದಲ್ಲಿ ಕೊಲ್ಲುವುದೆಲ್ಲ ದೂರದಿಂದಲೇ; ಕೈಗೆ ಕೈ ಹತ್ತಿಸಿ ಹೊಡೆದಾಡುವ ಕಾಲ ಹೋಯಿತು. ಅಷ್ಟರಲ್ಲಿ ಪೊದೆಯಿಂದ ಒಬ್ಬ ಶತ್ರು ಸೈನಿಕ ಅವನ ಮೇಲೆ ಎರಗುತ್ತಾನೆ. ಬಂದೂಕು ಕೈಗೆ ಸಿಗುವುದಿಲ್ಲ.

ಇಲ್ಲಿಂದ ಕಥೆ ಮಾತನಾಡಿಸುವುದು ಓದುಗನನ್ನೇ. ನಿರೂಪಣೆ 'ನೀನು' ಎಂಬ ದಾರಿ ಹಿಡಿಯುತ್ತದೆ, ನಿನ್ನ ಕೈ, ನಿನ್ನ ಉಸಿರು. ಕಾಮಿಕ್ಸ್ ಪುಸ್ತಕಗಳಲ್ಲಿ ಓದುತ್ತಿದ್ದ ಆ ಚುರುಕು ಮಾತುಗಳೆಲ್ಲ ಎಲ್ಲಿ ಹೋದವು ಎಂದು ಅದು ಕೇಳುತ್ತದೆ. ಒಂದು ಕಾಮಿಕ್ಸ್ ಪುಸ್ತಕ ತನ್ನ ಕುಲವನ್ನೇ ಹೀಗೆ ಕುಟುಕಿದ್ದು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ. ಇಬ್ಬರೂ ನೀರಿಗೆ ಬೀಳುತ್ತಾರೆ. ಅಮೆರಿಕನ್ನನ ಕೈ ಮೇಲಾಗುತ್ತದೆ. ಆಮೇಲೆ ಅವನು ಆ ಮನುಷ್ಯನ ತಲೆಯನ್ನು ನೀರಿನಲ್ಲಿ ಅದ್ದುತ್ತಾನೆ. ಒಂದು ಚೌಕ. ಮತ್ತೆ ಅದ್ದುತ್ತಾನೆ. ಇನ್ನೊಂದು ಚೌಕ. ನೋಟದ ಕೋನ ಹೆಚ್ಚು ಬದಲಾಗುವುದಿಲ್ಲ, ಮಾತೂ ಬದಲಾಗುವುದಿಲ್ಲ, ಅದ್ದುವ ಅದೇ ಕ್ರಿಯಾಪದ ಬಡಿತದಂತೆ ಮರಳಿ ಬರುತ್ತದೆ. ಮುಖ ಮೇಲೆ ಬರುವುದು ನಿಲ್ಲುತ್ತದೆ, ಗುಳ್ಳೆಗಳು ಬರುತ್ತವೆ, ಗುಳ್ಳೆಗಳೂ ನಿಲ್ಲುತ್ತವೆ. ಓದುವವನು ಬೇಗ ಹಾಳೆ ತಿರುವಲಾರ, ಏಕೆಂದರೆ ಆ ಲಯ ಕಣ್ಣನ್ನು ಹಿಡಿದು ನಿಲ್ಲಿಸುತ್ತದೆ. ಕೊನೆಗೆ ನದಿಯಲ್ಲಿ ಇನ್ನೊಂದು ಹೆಣ ತೇಲುತ್ತದೆ, ಮತ್ತು ಸತ್ತವನಿಗಾಗಿ ಮರುಗಿರಿ, ಅವನೀಗ ಸರಿಯೂ ಅಲ್ಲ ತಪ್ಪೂ ಅಲ್ಲ, ಜೀವ ಕಳೆದುಕೊಂಡವನು ಎಂಬ ಅರ್ಥದ ಮಾತುಗಳು ಬರುತ್ತವೆ. ನಿಜ ಹೇಳಬೇಕೆಂದರೆ ಈ ಕೊನೆಯ ಮಾತುಗಳು ನನಗೆ ಬೇಡವಾಗಿದ್ದವು. ಆ ಚೌಕಗಳು ಹೇಳಿ ಮುಗಿಸಿದ್ದನ್ನೇ ಅವು ಮತ್ತೆ ಹೇಳುತ್ತವೆ. ಆದರೂ 1952ರಲ್ಲಿ, ತಮ್ಮದೇ ದೇಶ ಹೋರಾಡುತ್ತಿದ್ದಾಗ, ಶತ್ರುವಿನ ಒಂದು ಸಾವಿಗೆ ಅಷ್ಟು ಜಾಗ ಬಿಟ್ಟುಕೊಟ್ಟ ಸಂಪಾದಕನ ಮೇಲೆ ಈ ಒಂದು ದೂರನ್ನು ದೊಡ್ಡದು ಮಾಡಲಾರೆ.

ಫ್ರಂಟ್‌ಲೈನ್ ಕಾಂಬ್ಯಾಟ್‌ನ ಐದನೆಯ ಸಂಚಿಕೆಯ 'ಬಿಗ್ ಇಫ್' ಕಥೆಯಲ್ಲಿ ಅವರು ಇನ್ನೂ ಮುಂದೆ ಹೋಗುತ್ತಾರೆ. ಇಡೀ ಕಥೆಯೇ ಒಂದು ಸಾವು. ಪಾಲ್ ಮೇನಾರ್ಡ್ ಎಂಬ ಸೈನಿಕ ಕೊರಿಯಾದ ಹಳ್ಳಿಗಳ ಅಂಚಿನಲ್ಲಿ ನೆಟ್ಟಿರುವಂಥ, ವಿಕಾರ ಮುಖದ ಮರದ ಕಂಬಗಳ ಎದುರು ನೆಲದ ಮೇಲೆ ಕುಳಿತಿದ್ದಾನೆ. ನಾನು ಹಾಗೆ ಮಾಡದೆ ಇದ್ದಿದ್ದರೆ, ಅಲ್ಲಿ ನಿಲ್ಲದೆ ಇದ್ದಿದ್ದರೆ, ಈ ದಾರಿಯಲ್ಲದೆ ಆ ದಾರಿ ಹಿಡಿದಿದ್ದರೆ ಎಂದು ಬೆಳಗಿನಿಂದ ನಡೆದದ್ದನ್ನೆಲ್ಲ ಹಿಂದಕ್ಕೆ ಬಿಚ್ಚುತ್ತ ಹೋಗುತ್ತಾನೆ. ಶೆಲ್ಲಿನ ಚೂರು ಆಗಲೇ ಅವನ ಬೆನ್ನನ್ನು ಹೊಕ್ಕಾಗಿದೆಯೆಂದು ನಮಗೆ ತಿಳಿಯುವಾಗ ಕಥೆ ಮುಗಿಯುತ್ತಿರುತ್ತದೆ. ಕಂಬಗಳ ಹಲ್ಲುಕಿರಿದ ಮುಖಗಳು ಮಾತ್ರ ಹಾಗೆಯೇ ಇರುತ್ತವೆ. ನಮ್ಮೂರ ಬಾಣಂತಿಯರು, ಮುದುಕರು, ಅಪಘಾತವಾದ ಮನೆಯವರು ಎಲ್ಲರೂ ಆಡುವ 'ಹಾಗಾಗದಿದ್ದರೆ' ಎಂಬ ಮಾತನ್ನೇ ಹಿಡಿದು ಒಂದು ಯುದ್ಧ ಕಥೆ ಕಟ್ಟಬಹುದೆಂದು ತೋರಿಸಿದ ಈ ಕಥೆ, ನನ್ನ ಲೆಕ್ಕದಲ್ಲಿ, ಇಮ್ಜಿನ್ ಕಥೆಗಿಂತ ಒಂದು ಕೈ ಮೇಲು.

'ರಬ್ಬಲ್' ಎಂಬ ಇನ್ನೊಂದು ಕಥೆಯಲ್ಲಿ ಸಾಯುವುದು ಒಂದು ಮನೆ. ಕೊರಿಯಾದ ರೈತನೊಬ್ಬ ಅದನ್ನು ಹೇಗೆ ಕಟ್ಟಿದ, ಗೋಡೆಗೆ ಏನು ಹಾಕಿದ, ಮಾಡಿಗೆ ಏನು ಹೊದಿಸಿದ ಎಂಬುದನ್ನೆಲ್ಲ ಒಬ್ಬ ಮೇಸ್ತ್ರಿಯ ಶ್ರದ್ಧೆಯಿಂದ ಹೇಳಿ, ಆಮೇಲೆ ಯುದ್ಧ ಅದನ್ನು ಮಣ್ಣುಪಾಲು ಮಾಡುವುದನ್ನು ಹೇಳುತ್ತದೆ. 'ಏರ್ ಬರ್ಸ್ಟ್' ಕಥೆಯ ಪಾತ್ರಗಳು ಹಿಮ್ಮೆಟ್ಟುತ್ತಿರುವ ಚೀನೀ ಸೈನಿಕರು. ಅವರಿಗೆ ಹೆಸರಿದೆ, ಹಾಸ್ಯವಿದೆ, ಆಯಾಸವಿದೆ, ಮತ್ತು ಅವರು ಶತ್ರುವಿಗೆಂದು ಕಟ್ಟಿದ ತಂತಿಗೆ ಕೊನೆಯಲ್ಲಿ ತಾಗುವುದು ಅವರದೇ ಕಾಲು. ಆ ಕಾಲದ ಅಮೆರಿಕನ್ ಮುದ್ರಣದಲ್ಲಿ ಏಷ್ಯನ್ನರ ಮುಖಕ್ಕೆ ಹಳದಿ ಬಳಿಯುವ, ಹಲ್ಲು ಮುಂದೆ ಚಾಚಿ ಬರೆಯುವ ರೂಢಿ ಎಷ್ಟು ಗಾಢವಾಗಿತ್ತೆಂದು ನೋಡಿದವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ಮರೀನ್‌ಗಳ, ಅಂದರೆ ಕಡಲಿನಿಂದ ದಡಕ್ಕಿಳಿದು ಹೋರಾಡುವ ಅಮೆರಿಕನ್ ಪಡೆಯವರ, ಮಾತು ಬಂದರೆ ಟೂ-ಫಿಸ್ಟೆಡ್ ಟೇಲ್ಸ್‌ನ 26ನೆಯ ಸಂಚಿಕೆಯನ್ನು ಹೇಳಲೇಬೇಕು. ಇಡೀ ಸಂಚಿಕೆಯನ್ನು ಕರ್ಟ್ಸ್‌ಮನ್ ಚಾಂಗ್‌ಜಿನ್ ಜಲಾಶಯದ ಕದನಕ್ಕೆ ಮೀಸಲಿಟ್ಟರು. ಇಂಗ್ಲಿಷ್ ಇತಿಹಾಸಗಳಲ್ಲಿ ಇದು ಚೋಸಿನ್ ಎಂದೇ ಪ್ರಸಿದ್ಧ, ಏಕೆಂದರೆ ಸೈನ್ಯದ ಬಳಿ ಇದ್ದದ್ದು ಜಪಾನೀ ಆಳ್ವಿಕೆಯ ಕಾಲದ ನಕ್ಷೆಗಳು, ಅದರಲ್ಲಿದ್ದದ್ದು ಜಪಾನೀ ಉಚ್ಚಾರಣೆ. ಹತ್ತು ಸೆಂಟಿನ ಪುಸ್ತಕ ಕೊರಿಯನ್ನರ ಹೆಸರನ್ನೇ ಬಳಸಿತೆಂಬುದು ನನಗೆ ಸಂತೋಷ ಕೊಟ್ಟ ಸಣ್ಣ ಸಂಗತಿ. ನಡೆದದ್ದು ಇಷ್ಟು: 1950ರ ನವೆಂಬರ್ ಕೊನೆಯಲ್ಲಿ, ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗಿಳಿದ ಚಳಿಯಲ್ಲಿ, ಜನರಲ್ ಆಲಿವರ್ ಸ್ಮಿತ್ ಅವರ ಒಂದನೆಯ ಮರೀನ್ ಡಿವಿಜನ್ನನ್ನೂ ಜೊತೆಗಿದ್ದ ಭೂಸೈನ್ಯದ ತುಕಡಿಗಳನ್ನೂ ಚೀನೀ ಸೈನ್ಯ ಗುಡ್ಡಗಳ ನಡುವೆ ಸುತ್ತುವರಿಯಿತು. ಮರೀನ್‌ಗಳು ಒಂದೇ ಒಂದು ಕಿರಿದಾದ ರಸ್ತೆಯಲ್ಲಿ ಸುಮಾರು 125 ಕಿಲೋಮೀಟರ್ ಹೋರಾಡುತ್ತ ಹಿಂದೆ ಬಂದು ಹುಂಗ್‌ನಾಮ್ ಬಂದರು ಸೇರಿದರು. ಡಿಸೆಂಬರ್ 24ರ ಹೊತ್ತಿಗೆ ಸೈನ್ಯವನ್ನೂ, ಜೊತೆಗೆ ಒಂದು ಲಕ್ಷದಷ್ಟು ನಿರಾಶ್ರಿತರನ್ನೂ ಹಡಗುಗಳಲ್ಲಿ ಸಾಗಿಸಲಾಯಿತು. ಗಾಯಾಳುಗಳಿಗೆ ಕೊಡಬೇಕಾದ ಪ್ಲಾಸ್ಮಾ ಹೆಪ್ಪುಗಟ್ಟಿತ್ತು. ಮಾರ್ಫಿನ್ ಚುಚ್ಚುಮದ್ದನ್ನು ಬೆಚ್ಚಗಿಡಲು ವೈದ್ಯ ಸಹಾಯಕರು ಬಾಯಲ್ಲೇ ಇಟ್ಟುಕೊಳ್ಳುತ್ತಿದ್ದರು. ಟಿನ್ನಿನ ಊಟ ಕಲ್ಲಾಗಿ, ಬಾಯಲ್ಲಿ ಕರಗುವ ಟೂಟ್ಸಿ ರೋಲ್ ಮಿಠಾಯಿಯೇ ಎಷ್ಟೋ ಜನರಿಗೆ ಆಹಾರವಾಯಿತು. ಸುಬೇದಾರರಿಗೆ ಇದನ್ನು ಹೇಳಬಹುದಾಗಿತ್ತು. ಅವರು ಆಗಲೇ ತೀರಿಕೊಂಡಿದ್ದರು.

ಆ ಸಂಚಿಕೆ 1952ರ ಮಾರ್ಚ್-ಏಪ್ರಿಲ್‌ನದು. ಕದನ ನಡೆದು ಒಂದೂಕಾಲು ವರ್ಷವೂ ಆಗಿರಲಿಲ್ಲ, ಯುದ್ಧ ಇನ್ನೂ ನಡೆಯುತ್ತಲೇ ಇತ್ತು. ಹಗಾರು-ರಿ, ಹುಂಗ್‌ನಾಮ್ ಎಂದು ಸ್ಥಳಗಳ ಹೆಸರನ್ನೇ ಶೀರ್ಷಿಕೆಯಾಗಿಟ್ಟ ಕಥೆಗಳಲ್ಲಿ ನಾಯಕನೆನ್ನಬಹುದಾದವನು ಯಾರೂ ಇಲ್ಲ. ಹಿಮ, ರಸ್ತೆ, ನಡಿಗೆ. ಇದನ್ನು ಯುದ್ಧವಿರೋಧಿ ಎನ್ನಲು ನನಗೆ ಮನಸ್ಸಾಗುವುದಿಲ್ಲ. ಮರೀನ್‌ಗಳ ಬಗ್ಗೆ ಅದರಲ್ಲಿ ಗೌರವವಿದೆ, ಹೆಮ್ಮೆಯೂ ಇದೆ. ಆದರೆ ಹಿಮ್ಮೆಟ್ಟುವಿಕೆಯನ್ನು ಹಿಮ್ಮೆಟ್ಟುವಿಕೆಯಾಗಿಯೇ ಚಿತ್ರಿಸುವ ಪ್ರಾಮಾಣಿಕತೆ ಅದರಲ್ಲಿದೆ. ಅದೇ ವರ್ಷ ಫ್ರಂಟ್‌ಲೈನ್ ಕಾಂಬ್ಯಾಟ್‌ನ ಏಳನೆಯ ಸಂಚಿಕೆ ಇಡಿಯಾಗಿ 1945ರಲ್ಲಿ ಜಪಾನಿನ ಇವೊ ಜಿಮಾ ದ್ವೀಪದಲ್ಲಿ ನಡೆದ ಕದನದ ಮೇಲೆ ಬಂತು. ಅಲ್ಲಿ ಗೆದ್ದವರು ಮರೀನ್‌ಗಳೇ, ಆದರೂ ಪುಟಗಳಲ್ಲಿ ಉತ್ಸವವಿಲ್ಲ.

ಮಡಿಕೇರಿಯವನಾಗಿ ಇಲ್ಲೊಂದು ಮಾತನ್ನು ಸೇರಿಸದೆ ಇರಲಾರೆ. ಕೊರಿಯಾ ಯುದ್ಧಕ್ಕೆ ಭಾರತ ಹೋರಾಡಲು ಹೋಗಲಿಲ್ಲ. ಮೊದಲು ಹೋದದ್ದು ಲೆಫ್ಟಿನೆಂಟ್ ಕರ್ನಲ್ ಎ.ಜಿ. ರಂಗರಾಜ್ ಅವರ 60ನೆಯ ಪ್ಯಾರಾಶೂಟ್ ಫೀಲ್ಡ್ ಆಂಬ್ಯುಲೆನ್ಸ್. 1951ರ ಮಾರ್ಚ್‌ನಲ್ಲಿ ಅಮೆರಿಕನ್ ಸೈನಿಕರ ಜೊತೆ ಅದರ ವೈದ್ಯರು ಧುಮುಕಿದ ಮುನ್‌ಸಾನ್-ನಿ ಇರುವುದು ಇದೇ ಇಮ್ಜಿನ್ ನದಿಯ ಬಳಿ. 1953ರ ಜುಲೈ 27ರ ಕದನವಿರಾಮದ ನಂತರ, ತಮ್ಮ ದೇಶಕ್ಕೆ ಮರಳಲೊಪ್ಪದ ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳ ವಿಚಾರವನ್ನು ಇತ್ಯರ್ಥ ಮಾಡುವ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾದವರು ನಮ್ಮೂರಿನ ಜನರಲ್ ತಿಮ್ಮಯ್ಯ. ಭಾರತೀಯ ಸೈನಿಕರು ಅಲ್ಲಿ ಹಾಕಿದ ಬಿಡಾರದ ಹೆಸರು ಹಿಂದ್ ನಗರ. ಎರಡೂ ಕಡೆಗೆ ಹೋಗಲೊಲ್ಲದ 88 ಜನ ಕೊನೆಗೆ ಅವರೊಂದಿಗೇ ಭಾರತಕ್ಕೆ ಹೊರಟ ಹಡಗು ಹತ್ತಿದರು. ಫ್ರಂಟ್‌ಲೈನ್ ಕಾಂಬ್ಯಾಟ್‌ನ ಕೊನೆಯ ಸಂಚಿಕೆಯ ಮೇಲಿರುವ ತಿಂಗಳು 1954ರ ಜನವರಿ. ಅದೇ ತಿಂಗಳು ಹಿಂದ್ ನಗರದಲ್ಲಿ ಕೈದಿಗಳ ಕಾವಲು ಮುಗಿಯುತ್ತಿತ್ತು. ಕರ್ಟ್ಸ್‌ಮನ್‌ಗೆ ಇನ್ನೂ ಒಂದು ವರ್ಷ ಸಿಕ್ಕಿದ್ದರೆ ಆ 88 ಜನರಲ್ಲಿ ಒಬ್ಬನ ಕಥೆಯನ್ನಾದರೂ ಬರೆಯುತ್ತಿದ್ದರೆಂದು ನಾನು ಸುಮ್ಮನೆ ಊಹಿಸಿಕೊಳ್ಳುವುದುಂಟು. ಕಮಾಂಡೊ ಪುಸ್ತಕಗಳ ಬರ್ಮಾದಲ್ಲಂತೂ ಖುಕುರಿ ಹಿಡಿದ ಗೂರ್ಖರನ್ನು ಬಿಟ್ಟರೆ ಭಾರತೀಯರು ಕಾಣಿಸುತ್ತಿದ್ದದ್ದೇ ಅಪರೂಪ. ಅದೇ ಬರ್ಮಾದ ಅರಕಾನಿನಲ್ಲಿ ತಿಮ್ಮಯ್ಯನವರು ಹೈದರಾಬಾದ್ ರೆಜಿಮೆಂಟಿನ ಪಡೆಯನ್ನು ನಡೆಸಿದ್ದರೆಂಬುದು, ಅವರ ಪ್ರತಿಮೆಯ ಮುಂದೆಯೇ ಪುಸ್ತಕ ಹಿಡಿದು ಹಾದುಹೋಗುತ್ತಿದ್ದ ನನಗೆ ಗೊತ್ತಿರಲಿಲ್ಲ.

ಪತ್ರಿಕೆಗಳು ನಿಂತದ್ದಕ್ಕೆ ಕಾರಣ ಘನವಾದದ್ದೇನಲ್ಲ. ಅಷ್ಟು ಸಂಶೋಧನೆ ಮಾಡಿ ಬರೆದರೆ ಕೆಲಸ ನಿಧಾನವಾಗುತ್ತದೆ, ಸಂಚಿಕೆಗಿಷ್ಟು ಎಂದು ಹಣ ಸಿಗುವಲ್ಲಿ ನಿಧಾನಗಾರನಿಗೆ ಸಂಪಾದನೆ ಕಡಿಮೆ. ಅದೇ ಸಂಸ್ಥೆಯಲ್ಲಿ ಭಯಾನಕ ಕಥೆಗಳ ಪತ್ರಿಕೆಗಳನ್ನು ನೋಡಿಕೊಳ್ಳುತ್ತಿದ್ದ ಅಲ್ ಫೆಲ್ಡ್‌ಸ್ಟೈನ್ ಬಹಳ ಹೆಚ್ಚು ಗಳಿಸುತ್ತಿದ್ದರು. ಕರ್ಟ್ಸ್‌ಮನ್ ಹೆಚ್ಚು ಹಣ ಕೇಳಿದಾಗ, ಸಂಶೋಧನೆ ಬೇಡದ ಒಂದು ಹಾಸ್ಯ ಪತ್ರಿಕೆ ಮಾಡೆಂದು ಪ್ರಕಾಶಕ ವಿಲಿಯಂ ಗೇನ್ಸ್ ಸೂಚಿಸಿದರು. ಹಾಗೆ 1952ರಲ್ಲಿ ಮ್ಯಾಡ್ ಬಂತು, ಬಂದು ಎಲ್ಲವನ್ನೂ ನುಂಗಿತು. ಕೊರಿಯಾ ಯುದ್ಧ ನಿಂತ ಮೇಲೆ ಕೊಳ್ಳುವವರೂ ಕಡಿಮೆಯಾದರು. 1954ರಲ್ಲಿ ಕಾಮಿಕ್ಸ್‌ಗಳಿಂದ ಮಕ್ಕಳು ಕೆಡುತ್ತಿದ್ದಾರೆಂದು ಸೆನೆಟ್ ಉಪಸಮಿತಿಯ ವಿಚಾರಣೆ ನಡೆದು, ಗೇನ್ಸ್ ಸಾಕ್ಷಿ ಹೇಳಿ, ಪ್ರಕಾಶಕರು ತಮಗೆ ತಾವೇ ಒಂದು ನೀತಿಸಂಹಿತೆ ಹೇರಿಕೊಂಡರು. ಟೂ-ಫಿಸ್ಟೆಡ್ ಟೇಲ್ಸ್ 1955ರಲ್ಲಿ ಮುಗಿಯಿತು. ಅದೇ ಹೊತ್ತಿಗೆ ಜೋ ಸೈಮನ್ ಮತ್ತು ಜ್ಯಾಕ್ ಕರ್ಬಿ ಫಾಕ್ಸ್‌ಹೋಲ್ ಎಂಬ ಪತ್ರಿಕೆ ತಂದರು. ಫ್ರಾನ್ಸಿನಲ್ಲಿ ಕಾಲಾಳಾಗಿ ಹೋರಾಡಿ ಹಿಮದಿಂದ ಕಾಲು ಕಳೆದುಕೊಳ್ಳುವ ಸ್ಥಿತಿಗೆ ಹೋಗಿಬಂದಿದ್ದ ಕರ್ಬಿ ಅದರ ಮೊದಲ ಮುಖಪುಟದಲ್ಲಿ, ಮುಖಕ್ಕೆಲ್ಲ ಬ್ಯಾಂಡೇಜು ಸುತ್ತಿಕೊಂಡ ಸೈನಿಕನೊಬ್ಬ ಯುದ್ಧವೆಂದರೆ ಪಿಕ್ನಿಕ್ ಇದ್ದಂತಿದೆ, ಇವತ್ತು ದಿನವೆಲ್ಲ ಕಡಲತೀರದಲ್ಲಿದ್ದೆವು ಎಂದು ಅಮ್ಮನಿಗೆ ಕಾಗದ ಬರೆಯುವುದನ್ನು ಚಿತ್ರಿಸಿದ್ದಾರೆ. ಒಂದೇ ಚೌಕ, ಆದರೆ ಲೆಕ್ಕಕ್ಕೆ ಸಿಗದಂಥದ್ದು.

ಸಂಹಿತೆಯ ನಂತರದ ಕಾಲದ ದೊಡ್ಡ ಹೆಸರು ಸಾರ್ಜೆಂಟ್ ರಾಕ್. ರಾಬರ್ಟ್ ಕಾನಿಗರ್ ಬರೆದ, ಜೋ ಕ್ಯೂಬರ್ಟ್ ಚಿತ್ರಿಸಿದ ಈ ಪಾತ್ರ 1959ರಲ್ಲಿ ಡಿ.ಸಿ. ಸಂಸ್ಥೆಯ ಅವರ್ ಆರ್ಮಿ ಅಟ್ ವಾರ್ ಪತ್ರಿಕೆಯಲ್ಲಿ ಹುಟ್ಟಿ 1988ರವರೆಗೆ ಬದುಕಿತು. ಕ್ಯೂಬರ್ಟರ ಗೆರೆ ನೋಡಿದರೆ ಸಾಕು, ಗಡ್ಡ ಬೆಳೆದ ಆ ಮುಖಗಳ ದಣಿವು ನಮಗೂ ಹತ್ತುತ್ತದೆ. ಆದರೆ ಕಥೆಗಳದ್ದು ಅಚ್ಚಿನಲ್ಲಿ ಎರಕ ಹೊಯ್ದ ರೀತಿ. ರಾಕ್‌ನ ತುಕಡಿಯಾದ ಈಸಿ ಕಂಪನಿಗೆ ಹೊಸಬನೊಬ್ಬ ಬರುತ್ತಾನೆ, ಹೆದರುತ್ತಾನೆ, ಕೊನೆಯ ಪುಟದಲ್ಲಿ ಗಟ್ಟಿಯಾಗುತ್ತಾನೆ. ಸಾಯುವವರು ಹೊಸಬರು, ರಾಕ್ ಸಾಯುವುದಿಲ್ಲ, ಮುಂದಿನ ತಿಂಗಳು ಅವನು ಬೇಕಲ್ಲ. ಕ್ಯೂಬರ್ಟ್ ಸಂಪಾದಕರಾದ ಮೇಲೆ ಕಥೆಗಳ ಕೊನೆಗೆ 'ಮೇಕ್ ವಾರ್ ನೋ ಮೋರ್' ಎಂಬ ದುಂಡುಮುದ್ರೆ ಬೀಳತೊಡಗಿತು. ಸಾಕು ಈ ಯುದ್ಧ ಎಂದು ಅದರ ಅರ್ಥ. ಅದರ ಹಿಂದಿದ್ದ ಮನಸ್ಸನ್ನು ಅನುಮಾನಿಸುವುದಿಲ್ಲ, ಆದರೂ ಹನ್ನೆರಡು ಪುಟ ಬಂದೂಕಿನ ಭೋಜನ ಬಡಿಸಿ ಕೊನೆಯಲ್ಲಿ ಉಪವಾಸದ ಮಹಿಮೆ ಹೇಳಿದಂತೆ ನನಗೆ ಕಾಣುತ್ತದೆ. ಅದೇ ಪತ್ರಿಕೆಯ ಹಿಂಬದಿಯ ಪುಟಗಳಲ್ಲಿ 1970ರಿಂದ ಸ್ಯಾಮ್ ಗ್ಲಾಂಜ್‌ಮನ್ ತಾವು ಸ್ವತಃ ನಾವಿಕನಾಗಿದ್ದ ಯು.ಎಸ್.ಎಸ್. ಸ್ಟೀವನ್ಸ್ ಎಂಬ ಯುದ್ಧನೌಕೆಯ ಬಗ್ಗೆ ಪುಟ್ಟ ಪುಟ್ಟ ಕಥೆಗಳನ್ನು ಬರೆಯುತ್ತಿದ್ದರು. ಮುದ್ರೆ ಬೇಕಿಲ್ಲದ ಕಥೆಗಳು ಅವು.

ವಿಯೆಟ್ನಾಂ ಕಾಲದಲ್ಲಿ ಕರ್ಟ್ಸ್‌ಮನ್‌ರ ದಾರಿಯನ್ನು ಮತ್ತೆ ಹಿಡಿದವರು ಆರ್ಚಿ ಗುಡ್ವಿನ್. ಅವರು ಸಂಪಾದಿಸಿದ ಬ್ಲೇಜಿಂಗ್ ಕಾಂಬ್ಯಾಟ್ 1965 ಮತ್ತು 1966ರಲ್ಲಿ ಬರೀ ನಾಲ್ಕು ಸಂಚಿಕೆ ಬಂತು. ಕಪ್ಪುಬಿಳುಪು ನಿಯತಕಾಲಿಕದ ರೂಪದಲ್ಲಿದ್ದುದರಿಂದ ಕಾಮಿಕ್ಸ್ ಸಂಹಿತೆ ಅದಕ್ಕೆ ತಾಗುತ್ತಿರಲಿಲ್ಲ. ಎರಡನೆಯ ಸಂಚಿಕೆಯಲ್ಲಿ ಜೋ ಒರ್ಲಾಂಡೊ ಚಿತ್ರಿಸಿದ 'ಲ್ಯಾಂಡ್‌ಸ್ಕೇಪ್' ಎಂಬ ಕಥೆಯ ನಾಯಕ ಒಬ್ಬ ವಿಯೆಟ್ನಾಮೀ ಮುದುಕ, ಭತ್ತ ಬೆಳೆಯುವವನು. ಎರಡೂ ಕಡೆಯವರು ಅವನ ಹಳ್ಳಿಗೆ ಬಂದುಹೋಗುತ್ತಾರೆ. ಅವನಿಗೆ ಗದ್ದೆಯದೊಂದೇ ಚಿಂತೆ. ಸರಕಾರದ ಪಡೆ ಗದ್ದೆಗೆ ಬೆಂಕಿ ಇಟ್ಟಾಗ ಅದನ್ನು ಉಳಿಸಲು ಓಡುತ್ತಾನೆ, ಅಲ್ಲಿಯೇ ಬೀಳುತ್ತಾನೆ. ಗದ್ದೆ ಇರುವ ಊರಿನಲ್ಲಿ ಬೆಳೆದವರು ಆ ಓಟವನ್ನು ಬೇರೆ ಯಾರಿಗಿಂತಲೂ ಚೆನ್ನಾಗಿ ಅರ್ಥ ಮಾಡಿಕೊಳ್ಳಬಲ್ಲರು. ಅಮೆರಿಕನ್ ಲೀಜನ್ ಎಂಬ ಮಾಜಿ ಸೈನಿಕರ ಸಂಘ ಪತ್ರಿಕೆಯನ್ನು ವಿರೋಧಿಸಿತು, ಸೈನಿಕ ನೆಲೆಗಳ ಅಂಗಡಿಗಳು ಮಾರಾಟ ನಿಲ್ಲಿಸಿದವು, ವಿತರಕರು ಕಟ್ಟುಗಳನ್ನೇ ಬಿಚ್ಚಲಿಲ್ಲ. ಪ್ರಕಾಶಕ ಜೇಮ್ಸ್ ವಾರನ್ ಕೈಚೆಲ್ಲಿದರು.

ಬ್ರಿಟನ್ನಿನಲ್ಲಿ ಈ ಲೆಕ್ಕವನ್ನು ತಲೆಕೆಳಗು ಮಾಡಿದ್ದು ಚಾರ್ಲೀಸ್ ವಾರ್. 1979ರ ಜನವರಿಯಿಂದ ಬ್ಯಾಟಲ್ ಎಂಬ ವಾರಪತ್ರಿಕೆಯಲ್ಲಿ ಕೆಲವೇ ಪುಟಗಳ ಕಂತಾಗಿ ಬಂದ ಇದನ್ನು ಬರೆದವರು ಪ್ಯಾಟ್ ಮಿಲ್ಸ್, ಚಿತ್ರಿಸಿದವರು ಜೋ ಕೊಲ್ಕುಹೂನ್. ವಯಸ್ಸು ಸುಳ್ಳು ಹೇಳಿ ಹದಿನಾರಕ್ಕೇ ಸೈನ್ಯ ಸೇರಿದ ಚಾರ್ಲಿ ಬೋರ್ನ್ ಮನೆಗೆ ಕಾಗುಣಿತ ತಪ್ಪಿದ ಕಾಗದಗಳನ್ನು ಬರೆಯುತ್ತಾನೆ, ಮೊದಲನೆಯ ಮಹಾಯುದ್ಧದ ಸೋಮ್ ಕದನಕ್ಕೆ ಹೋಗುತ್ತಾನೆ. 1916ರ ಜುಲೈ 1ರ ಒಂದೇ ದಿನ 19,240 ಬ್ರಿಟಿಷ್ ಸೈನಿಕರು ಸತ್ತ ಕದನ ಅದು. ಅವನ ಗೆಳೆಯ ಜಿಂಜರ್ ಸಾಯುವುದಕ್ಕೆ ಒಂದು ಚೌಕವೂ ಹಿಡಿಯುವುದಿಲ್ಲ, ಎಲ್ಲಿಂದಲೋ ಬಂದ ಒಂದು ಶೆಲ್ಲು, ಅಷ್ಟೇ. ಮಿಲ್ಸ್ ಚೌಕಗಳನ್ನು ವ್ಯಯಿಸುವುದು ಅದರ ನಂತರಕ್ಕೆ: ಚಾರ್ಲಿ ಗೆಳೆಯನ ಉಳಿದಿದ್ದನ್ನು ಒಂದು ಚೀಲದಲ್ಲಿ ತುಂಬಿಕೊಂಡು ಹೊತ್ತು ನಡೆಯುತ್ತಾನೆ. ಇದನ್ನು ವಾರವಾರವೂ ಓದುತ್ತಿದ್ದವರು ಹತ್ತು ಹನ್ನೆರಡರ ಹುಡುಗರು, ಹೆಚ್ಚು ಕಡಿಮೆ ನನ್ನ ಓರಗೆಯವರು. ಅವರ ಕೈಗೆ ಅದು ಸಿಕ್ಕ ವರ್ಷಗಳಲ್ಲೇ ನನ್ನ ಕೈಗೆ ಸಿಕ್ಕದ್ದು ತಲೆಗೆ ಮೂರನೇ ಒಂದು ಚೌಕದ ಪುಸ್ತಕಗಳು ಎಂಬುದಕ್ಕೆ ಈಗಲೂ ಸ್ವಲ್ಪ ಹೊಟ್ಟೆಕಿಚ್ಚಿದೆ.

ಆದರೂ ಕಮಾಂಡೊ ಪುಸ್ತಕಗಳನ್ನು ನಾನು ಬಿಟ್ಟಿಲ್ಲ. ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನ ಹಳೆಯ ಪುಸ್ತಕಗಳ ರಾಶಿಯಲ್ಲಿ ಕಂಡಾಗಲೆಲ್ಲ ಒಂದೆರಡು ತರುತ್ತೇನೆ. ಕಳೆದ ತಿಂಗಳು ಸಿಕ್ಕ ಒಂದರ ಒಳಗಡೆ ಯಾವುದೋ ಊರಿನ ಬಾಡಿಗೆ ಪುಸ್ತಕದಂಗಡಿಯ ನೇರಳೆ ಮುದ್ರೆಯೂ, ತಡವಾದರೆ ದಿನಕ್ಕೆ ಇಪ್ಪತ್ತೈದು ಪೈಸೆ ದಂಡವೆಂಬ ಎಚ್ಚರಿಕೆಯೂ ಇತ್ತು. ಯಾರಾದರೂ ಊಟ ಮಾಡುತ್ತಾರೇನೋ ಎಂದು ಮೊದಲಿನಿಂದ ಒಂದೊಂದೇ ಹಾಳೆ ತಿರುವಿದೆ. ಅರ್ಧ ದಾಟಿದ ಮೇಲೆ ಉತ್ತರ ಆಫ್ರಿಕಾದ ಮರಳಿನಲ್ಲಿ ಇಬ್ಬರು ಪೆಟ್ರೋಲ್ ಡಬ್ಬಿಯೊಂದನ್ನು ಒಲೆ ಮಾಡಿ ಚಹಾ ಕಾಸುತ್ತಿದ್ದರು. ಮುಂದಿನ ಚೌಕದಲ್ಲಿ ಶೆಲ್ಲು ಬಿತ್ತು. ಚಹಾ ಚೆಲ್ಲಿತು, ಇಬ್ಬರೂ ಬದುಕಿಕೊಂಡರು, ಬೈದುಕೊಳ್ಳುತ್ತ ಬಂದೂಕು ಎತ್ತಿಕೊಂಡು ಓಡಿದರು.